ಟೇಲರ್ ಅಕ್ಕನ ದಾರಿ

ಗುಡ್ಡದ ಮೇಲೆ ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಟೇಲರ್ ಅಕ್ಕ ಕೆಳಗೆ, ಕಡಲಿಗೆ ಮುಖ ಮಾಡಿದ ತನ್ನ ಅಂಗಡಿಯಲ್ಲಿ ಕೂತು ಕಾಜಾ ಹೊಲಿಯುತ್ತಿದ್ದಳು. ಸುನಾಮಿ ಬಂದರೆ ಎತ್ತ ಓಡಬೇಕು, ಹೇಗೆ ಓಡಬೇಕು ಎಂದು ಕೇರಿಯವರಿಗೆ ಕಲಿಸುವ ಮೊದಲ ತಾಲೀಮು ಅಂದು ನಡೆದಿತ್ತು. ನಡೆಸಿದ ಆರೋಗ್ಯ ಕೇಂದ್ರದ ನರ್ಸ್ ಬೆವರು ಒರೆಸಿಕೊಳ್ಳುತ್ತ, ಗೆದ್ದ ಮುಖ ಹೊತ್ತು ಇಳಿದು ಬಂದಳು.

"ಕೇರಿಯವರೆಲ್ಲ ಹತ್ತಿದ್ರು ಅಕ್ಕಾ. ಒಬ್ಬರೂ ಉಳೀಲಿಲ್ಲ."

"ಹೌದಾ?" ಅಕ್ಕ ಹಲ್ಲಿನಿಂದ ದಾರ ಕಡಿದಳು. "ಹಾಗಾದ್ರೆ ನನ್ನನ್ನ ಸತ್ತವರ ಲೆಕ್ಕಕ್ಕೆ ಹಾಕಿದ್ರಾ ಸಿಸ್ಟರ್?"

ಚಿಕ್ಕಂದಿನಲ್ಲೇ ಜ್ವರ ಬಂದು ಅಕ್ಕನ ಎರಡೂ ಕಾಲು ಸೋತುಹೋಗಿದ್ದವು. ಬರೀ ಅಭ್ಯಾಸ ತಾನೆ, ಅವಳಿಗ್ಯಾಕೆ ತೊಂದರೆ ಎಂದು ಎಲ್ಲರೂ ಅಂದಿದ್ದರು. ನರ್ಸ್ ಕೂಡ ಹೂಂಗುಟ್ಟಿದ್ದಳು.

"ಅಲೆ ಬಂದ ದಿನ ನಾನೇ ಹೊತ್ಕೊಂಡು ಹೋಗ್ತೀನಿ ಬಿಡು," ಎಂದ ಬಾಗಿಲಲ್ಲಿ ನಿಂತಿದ್ದ ಅಕ್ಕನ ತಮ್ಮ. ಮೀನಿನ ಹರಾಜು ಕಟ್ಟೆಯಲ್ಲಿ ದರ ಕೂಗುವುದು ಅವನ ಕೆಲಸ. ಅವನು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

"ನಿನ್ನ ಸೊಂಟ ನಿನ್ನನ್ನೇ ಹೊರಲ್ಲ, ಇನ್ನು ನನ್ನನ್ನ ಹೊರುತ್ತಾ? ಮೀನಿನ ತಳ್ಳುಗಾಡೀಲಿ ಕೂರಿಸಿ ತಳ್ಳಿದ್ರೆ ಸಾಕು. ಆದ್ರೆ ಗಾಡಿ ಗುಡ್ಡದ ಮೆಟ್ಟಿಲು ಹತ್ತಲ್ಲ. ಒಂದು ಪಕ್ಕದ ಮೆಟ್ಟಿಲು ಮುಚ್ಚಿ ಇಳಿಜಾರು ಮಾಡಿಸಿ ಸಿಸ್ಟರ್."

ನರ್ಸ್ ಹೋಗಿ ಹಣ ಕೇಳಿದಾಗ ದೋಣಿ ಮಾಲೀಕರ ಸಂಘದವರು ನಕ್ಕುಬಿಟ್ಟರು. ಒಬ್ಬಳಿಗೋಸ್ಕರ ಗುಡ್ಡ ಅಗೆಯೋದಾ ಎಂದರು. ಮರುದಿನ ಬೆಳಿಗ್ಗೆ ತಮ್ಮ ಎಂದಿನಂತೆ ಕಟ್ಟೆ ಹತ್ತಿದ, ಕೂತ, ಬಾಯಿ ಮುಚ್ಚಿದ. ಮೀನು ರಾಶಿ ಬಿತ್ತು, ಬಿಸಿಲೇರಿತು, ಕಾಗೆಗಳು ಬಂದವು. ಕೊನೆಗೆ ಸಂಘದ ಅಧ್ಯಕ್ಷರೇ ಬಂದರು. "ಕೂಗಪ್ಪಾ ಮಾರಾಯ, ಮೀನು ಕೆಡುತ್ತೆ."

"ನಿಮ್ಮ ತಾಯಿಗೆ ಉಬ್ಬಸ ಅಲ್ವಾ? ಮೊನ್ನೆ ತಾಲೀಮಲ್ಲಿ ನಡು ಮೆಟ್ಟಿಲಲ್ಲೇ ಎಷ್ಟೋ ಹೊತ್ತು ಕೂತ್ಬಿಟ್ಟಿದ್ರು. ನಿಜವಾದ ಅಲೆ ಆಗಿದ್ರೆ?" ತಮ್ಮ ಈ ಮಾತನ್ನು ಮೆಲ್ಲಗೇ ಕೇಳಿದ. ಇಡೀ ಕಟ್ಟೆಗೆ ಕೇಳಿಸಿತು. ಆ ವಾರವೇ ಜಲ್ಲಿ, ಸಿಮೆಂಟು ಬಂದು ಬಿದ್ದವು.

ಇಳಿಜಾರು ಮುಗಿದ ಮೇಲೆ ನರ್ಸ್ ನಿಯಮ ಬದಲಿಸಿದಳು. ಮೊದಲು ಹತ್ತಿದವರನ್ನು ಕೇಳುವವರೇ ಇಲ್ಲ. ಅಕ್ಕನ ಗಾಡಿ ಮೇಲೆ ಬಂದ ಮೇಲೆಯೇ ತಾಲೀಮು ಮುಗಿಯಿತೆಂದು ಸೀಟಿ. ಶುರುವಿಗೆ ಜನ ಗೊಣಗಿದರು. ತಿರುವಿನಲ್ಲಿ ಗಾಡಿ ಸಿಕ್ಕಿಕೊಳ್ಳುತ್ತಿತ್ತು, ಅಕ್ಕ ತಳ್ಳುವವರ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಬರಬರುತ್ತ ತಳ್ಳಲು ನಾ ಮುಂದು ತಾ ಮುಂದು ಎಂದಾಯಿತು. ಉಬ್ಬಸದ ಅಜ್ಜಿ, ತುಂಬು ಬಸುರಿ, ಕಣ್ಣು ಕಾಣದ ಮುದುಕ ಎಲ್ಲರಿಗೂ ಒಂದೊಂದು ಗಾಡಿ ಗೊತ್ತುಮಾಡಿದ್ದಾಯಿತು.

ಒಂದು ದಿನ ಬೆಳಿಗ್ಗೆ ಅಕ್ಕನ ಕತ್ತರಿ ತಾನಾಗಿ ಮೇಜಿನಿಂದ ಜಾರಿ ಬಿತ್ತು. ಗೋಡೆ ನಡುಗಿತು. ನಿಲ್ಲುತ್ತದೆ ಎಂದುಕೊಂಡರೆ ನಿಲ್ಲಲೇ ಇಲ್ಲ. ಕರೆಂಟು ಹೋಯಿತು, ಕಂಬದ ಮೇಲಿನ ಸುನಾಮಿ ಸೈರನ್ ಸದ್ದು ಮಾಡಲಿಲ್ಲ. ನಡುಕ ನಿಂತದ್ದೇ ನರ್ಸ್ ಓಡಿ ಬಂದಳು. ಕೈಯಲ್ಲಿದ್ದ ಫೋನಿನಲ್ಲಿ ಯಾವ ಸೂಚನೆಯೂ ಇರಲಿಲ್ಲ.

"ಸೈರನ್ ಇಲ್ಲದೆ ಹೇಗೆ ಹೊರಡಿಸಲಿ ಅಕ್ಕಾ? ಸುಳ್ಳಾದ್ರೆ ಜನ ನಗ್ತಾರೆ. ಇನ್ನೊಂದು ಸಲ ಕರೆದ್ರೆ ಯಾರೂ ಬರಲ್ಲ."

"ಉದ್ದಕ್ಕೆ ನಡುಗಿದ್ರೆ ಯಾವುದಕ್ಕೂ ಕಾಯಬೇಡಿ ಅಂದವರು ನೀವೇ. ನಗಲಿ ಸಿಸ್ಟರ್. ನಗೋಕಾದ್ರೂ ಇರ್ತಾರಲ್ಲ."

ನರ್ಸ್ ಬಾಗಿಲಿಗೆ ಓಡಿ ಬಂದಿದ್ದ ತಮ್ಮನ ಕಡೆ ತಿರುಗಿ, ಕೂಗು ಎಂಬಂತೆ ತಲೆಯಾಡಿಸಿದಳು. ಅವನು ನಡುಬೀದಿಗೆ ಬಂದು ಕೂಗಿದ. ಇಷ್ಟು ವರ್ಷ ಮೀನಿನ ದರ ಕೂಗಿದ ಗಂಟಲು ಈಗ ಮನೆ ಮನೆಯ ಹೆಸರು ಹಿಡಿದು ಕೂಗಿತು. ಒಲೆಗಳು ಆರಿದವು, ಬಾಗಿಲುಗಳು ತೆರೆದವು. ಗಾಡಿಗಳು ಗಡಗಡ ಎನ್ನುತ್ತ ಹೊರಟವು. ಯಾರೂ ಯಾರನ್ನೂ ದಾರಿ ಕೇಳಲಿಲ್ಲ. ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದವರಿಗೆ ಕಡಲು ದೂರ ಸರಿದು ತಳದ ಬಂಡೆ ಕಾಣುತ್ತಿತ್ತು. ತಿರುವಿನಲ್ಲಿ ಅಕ್ಕನ ಗಾಡಿ ವಾಲಿದಾಗ ಭುಜ ಕೊಟ್ಟವರು ಸಂಘದ ಅಧ್ಯಕ್ಷರು.

ನೀರು ಬಂತು. ಗೋಡೆಯಂತಲ್ಲ, ನೆಲವೇ ಎದ್ದು ನಡೆದಂತೆ ಬಂತು. ಹರಾಜು ಕಟ್ಟೆ, ದೋಣಿಗಳು, ಅಕ್ಕನ ಅಂಗಡಿ, ಎಲ್ಲವನ್ನೂ ಹೊತ್ತು ಗುಡ್ಡದ ಬುಡದ ತನಕ ಏರಿ ನಿಂತಿತು. ಮೇಲೆ ನರ್ಸ್ ಒಂದೊಂದೇ ಮನೆಯವರನ್ನು ನಿಲ್ಲಿಸಿ ಎಲ್ಲರೂ ಬಂದರಾ ಎಂದು ಕೇಳುತ್ತ ಹೋದಳು. ಕೊನೆಯ ಮನೆಯವರೂ ಓಗೊಟ್ಟರು. ಅವಳು ಸೀಟಿ ಊದಿದಳು. ಮನೆಮಠ ಕಳೆದುಕೊಂಡ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು, ಅಳುತ್ತಲೇ ಕೇಕೆ ಹಾಕಿದರು.

ಮರುದಿನ ಹಿಂಬದಿಯ ರಸ್ತೆಯಿಂದ ಸರ್ಕಾರದ ಲಾರಿ ಗುಡ್ಡ ಹತ್ತಿತು. ಅದರ ತುಂಬ ಹೆಣಗಳಿಗೆ ಹೊದಿಸಲು ತಂದ ಬಿಳಿ ಬಟ್ಟೆಯ ಥಾನುಗಳು. ಇಳಿದ ಅಧಿಕಾರಿ ದನಿ ತಗ್ಗಿಸಿ ಕೇಳಿದ, "ಎಲ್ಲಿ ಇಟ್ಟಿದ್ದೀರಿ?"

"ಯಾರೂ ಇಲ್ಲ ಸಾರ್."

"ಇನ್ನೂ ಸಿಕ್ಕಿಲ್ವಾ?"

"ಸತ್ತೇ ಇಲ್ಲ ಸಾರ್," ಎಂದಳು ನರ್ಸ್.

ಅಧಿಕಾರಿ ಗುಡ್ಡದ ತುಂಬ ಕೂತ ಜನರನ್ನು ನೋಡುತ್ತ ನಿಂತ. ಅಷ್ಟರಲ್ಲಿ ಟೇಲರ್ ಅಕ್ಕ ಗಾಡಿಯನ್ನು ಲಾರಿಯ ಹತ್ತಿರ ತಳ್ಳಿಸಿಕೊಂಡು ಬಂದು, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು.

"ನೂಲು ಗಟ್ಟಿಯಾಗಿದೆ. ವಾಪಸ್ ಒಯ್ಯಬೇಡಿ. ಒಂದು ಹೊಲಿಗೆ ಮೆಷಿನ್ ಕಳಿಸಿ, ಮಕ್ಕಳಿಗೆಲ್ಲ ಅಂಗಿ ಹೊಲೀತೀನಿ."