ಕೈ ಹೋಗದ ಡಬ್ಬಿ

ಅಂಗಡಿಯವನು ನಾಣ್ಯದ ಆಲ್ಬಮ್ಮನ್ನು ತೆರೆಯುವ ಮೊದಲೇ ಬೀಗದಜ್ಜನ ಮೂಗಿನ ಹತ್ತಿರ ಹಿಡಿದ. “ಮೂಸಿ ನೋಡಿ ಯಜಮಾನ್ರೇ.”

ಬೀಗದಜ್ಜ ಮೂಸಿದ. “ಹೊಸ ರೈನ್‌ಕೋಟಿನ ವಾಸನೆ.”

“ಹಾಗಾದ್ರೆ ಬೇಡ. ಈ ಮೆತ್ತನೆ ಪ್ಲಾಸ್ಟಿಕ್ಕು ಎರಡು ವರ್ಷಕ್ಕೇ ಬೆವರುತ್ತೆ. ನಾಣ್ಯಕ್ಕೆಲ್ಲ ಹಸಿರು ಅಂಟು ಹಿಡಿಯುತ್ತೆ.”

“ಮತ್ತೆ ಮಾರೋದ್ಯಾಕೆ?” ಎಂದಳು ಅಜ್ಜನ ಹೆಂಡತಿ.

“ಮೂಸದೆ ಕೊಳ್ಳೋರೂ ಇದಾರಲ್ಲಮ್ಮ,” ಎನ್ನುತ್ತ ಅದನ್ನು ತೆಗೆದ ಜಾಗದಲ್ಲೇ ಇಟ್ಟ.

ಗಂಡ ಹೆಂಡತಿ ಬಂದಿದ್ದು ನೂರಮೂವತ್ತು ಹಳೇ ನಾಣ್ಯಗಳಿಗೆ ಒಂದು ಭದ್ರವಾದ ನೆಲೆ ಹುಡುಕಿಕೊಂಡು. ಕೀಲಿ ಕಳೆದ ಪೆಟ್ಟಿಗೆಯನ್ನು ತೆಗೆದುಕೊಟ್ಟಾಗ ಒಳಗೆ ಚಿಲ್ಲರೆ ಬಿದ್ದಿದ್ದರೆ, ಅದರಲ್ಲಿ ಅತಿ ಹಳೆಯದೊಂದನ್ನು ಕೂಲಿಗೆ ಸೇರಿಸಿ ಕೇಳಿ ತರುವುದು ಬೀಗದಜ್ಜನ ಪದ್ಧತಿ. ಐವತ್ತು ವರ್ಷದಲ್ಲಿ ಅಷ್ಟು ಸೇರಿದ್ದವು. ಹೋದ ವಾರ ಕಣ್ಣಿನ ಡಾಕ್ಟರು, ಎಡಗಣ್ಣು ಹೋಯಿತು, ಬಲಗಣ್ಣು ಹೆಚ್ಚೆಂದರೆ ಆರು ತಿಂಗಳು ಎಂದಿದ್ದರು. ಕಾಣುವಾಗಲೇ ಎಲ್ಲವನ್ನೂ ಸಾಲಾಗಿ ಜೋಡಿಸಿಬಿಡೋಣ ಎಂದು ಹೆಂಡತಿ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿ, ಅವನನ್ನು ಹೊರಡಿಸಿದ್ದಳು. ನಾಣ್ಯಗಳು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಕುಲುಕಾಡುತ್ತ ಬಂದಿದ್ದವು.

ಅಂಗಡಿಯವನು ರಟ್ಟಿನ ಚೌಕಗಳನ್ನು ತೋರಿಸಿದ. ನಡುವೆ ಕಿಟಕಿ; ನಾಣ್ಯವಿಟ್ಟು ಮಡಚಿ ಸ್ಟೇಪಲ್ ಹೊಡೆಯಬೇಕು.

“ಪಿನ್ನು ತುಕ್ಕು ಹಿಡಿಯಲ್ವಾ?” ಎಂದಳು ಹೆಂಡತಿ. “ಬಟ್ಟೆಗೆ ಚುಚ್ಚಿಟ್ಟರೆ ಒಂದು ಮಳೆಗಾಲಕ್ಕೇ ಕಲೆ ಬಿಡುತ್ತೆ.”

“ಹಿಡಿಯುತ್ತೆ. ಇದನ್ನ ಕೇಳಿದ ಮೊದಲ ಗಿರಾಕಿ ನೀವು,” ಎಂದು ಅಂಗಡಿಯವನು ಮೇಲಿನ ಕಪಾಟಿನ ಬಾಗಿಲು ತೆಗೆದ. ಗಾಜಿನಂತೆ ಹೊಳೆಯುವ ಗುಂಡನೆಯ ಡಬ್ಬಿಗಳು. “ಇದಕ್ಕಿಂತ ಮೇಲಿನದಿಲ್ಲ. ಎರಡು ಹೋಳು, ಟಿಕ್ ಅಂತ ಕೂರುತ್ತೆ. ಗಾಳಿ ಹೋಗಲ್ಲ, ತೇವ ಹೋಗಲ್ಲ, ಕೈ ಹೋಗಲ್ಲ. ನೂರು ವರ್ಷ ಹೀಗೇ ಇರುತ್ತೆ. ನಾಣ್ಯದ ಅಳತೆ ಹೇಳಿ.”

ಬೀಗದಜ್ಜ ಡಬ್ಬದೊಳಗೆ ಕೈಬಿಟ್ಟು, ಗೋಡೆ ನೋಡುತ್ತ ಒಂದನ್ನು ಹಿಡಿದ. “ಇಪ್ಪತ್ತೊಂದು ಮಿಲಿಮೀಟರು. ಗಡಿಯಾರ ರಿಪೇರಿಯವನ ತಂಗಿ ಪೆಟ್ಟಿಗೇದು.” ಅಂಗಡಿಯವನು ಅಳತೆಪಟ್ಟಿ ಹಿಡಿದ. ಇಪ್ಪತ್ತೊಂದು. “ಇದು ಇಪ್ಪತ್ತಾರು, ಅಂಚು ಒಂದು ಕಡೆ ಮುಕ್ಕಾಗಿದೆ. ನರ್ಸಮ್ಮನ ಟ್ರಂಕಿಂದು. ಕೀಲಿ ಮೊಮ್ಮಗು ನುಂಗಿತ್ತು.” ಇಪ್ಪತ್ತಾರೇ. ಅಂಗಡಿಯವನು ಅಳತೆಪಟ್ಟಿಯನ್ನು ಕೆಳಗಿಟ್ಟ.

“ನಲವತ್ತಾರು ವರ್ಷ ಸಂಸಾರ ಮಾಡಿದೀನಿ,” ಎಂದಳು ಹೆಂಡತಿ. “ನನ್ನ ಕೈ ಹಿಡಿದಿದ್ದಕ್ಕಿಂತ ಅವನ್ನ ಹಿಡಿದಿದ್ದೇ ಜಾಸ್ತಿ.”

“ಅವು ತಿರುಗಿ ಮಾತಾಡಲ್ಲ ಕಣೇ,” ಎಂದ ಬೀಗದಜ್ಜ.

ಅಂಗಡಿಯವನು ಎರಡು ನಾಣ್ಯಗಳನ್ನೂ ಅಂಚು ಹಿಡಿದೆತ್ತಿ, ಎರಡು ಡಬ್ಬಿಗಳಲ್ಲಿ ಕೂರಿಸಿ ಮುಚ್ಚಿದ. ನಾಣ್ಯ ಚಿಕ್ಕದಿದ್ದರೆ ಅದನ್ನು ಸುತ್ತಿ ಹಿಡಿಯುವ ಒಳಗಿನ ಬಳೆ ದಪ್ಪ, ದೊಡ್ಡದಿದ್ದರೆ ಬಳೆ ತೆಳು; ಹೊರಗಿನಿಂದ ಎಲ್ಲಕ್ಕೂ ಒಂದೇ ಆಕಾರ. “ಸಾಲಾಗಿಟ್ಟರೆ ಎಷ್ಟು ಲಕ್ಷಣ ನೋಡಿ.”

ಬೀಗದಜ್ಜ ಕೈಗೊಂದರಂತೆ ಹಿಡಿದು ಕಣ್ಣು ಮುಚ್ಚಿದ. ಹೆಬ್ಬೆರಳು ಆಡಿಸಿದ. ಕೈ ಬದಲಿಸಿ ಮತ್ತೆ ಆಡಿಸಿದ.

“ರೀ, ಬಲಗೈಲಿರೋದು ಯಾರದು?”

“ಅಂಗಡಿಯವರದು.”

“ಎಡಗೈಲಿರೋದು?”

“ಅದೂ ಅಂಗಡಿಯವರದ್ದೇ,” ಎಂದು ಬೀಗದಜ್ಜ ಎರಡನ್ನೂ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

ಅಂಗಡಿಯವನಿಗೆ ಅರ್ಥವಾಯಿತು. ಕೆಟ್ಟ ಮನುಷ್ಯನಲ್ಲ. ಮೇಜಿನ ಸೆಳೆಖಾನೆಯಿಂದ ಒಂದು ಜೊತೆ ಬಿಳಿ ಕೈಗವಸು ತೆಗೆದು ಕೊಟ್ಟ. “ಇದನ್ನ ಹಾಕ್ಕೊಂಡು ಹೊರಗೆ ತೆಗೆದು ಮುಟ್ಟಬಹುದು. ಕಾಸು ಬೇಡ, ಇಟ್ಕೊಳ್ಳಿ.” ಬೀಗದಜ್ಜ ಹಾಕಿಕೊಂಡ, ಡಬ್ಬದಲ್ಲಿ ಕೈಯಾಡಿಸಿದ, ಕಳಚಿ, ಮಡಚಿ, ಹಿಂದಕ್ಕೆ ಕೊಟ್ಟ. “ಬೆಚ್ಚಗಿದೆಯಪ್ಪಾ,” ಎಂದನಷ್ಟೆ.

ಹೆಂಡತಿಯ ಕಣ್ಣು ಗಾಜಿನ ಕಪಾಟಿನ ಕೆಳಗಿನ ಮರದ ಹಲಗೆಗಳ ಮೇಲಿತ್ತು. ಸಾಲಾಗಿ ಗುಳಿಗಳು, ಗುಳಿಯೊಳಗೆ ಬಟ್ಟೆ. ಮುಚ್ಚಳವಿಲ್ಲ.

“ಅದು?”

“ಅದು ಗಿರಾಕಿಗಳಿಗೆ ತೋರಿಸೋಕೆ ಇಟ್ಕೊಂಡಿರೋದು. ಅದರಲ್ಲಿ ಇಡಬಾರದಮ್ಮ. ಬಂದೋರೆಲ್ಲ ಮುಟ್ತಾರೆ.”

“ನಮ್ಮನೇಲಿ ಮುಟ್ಟೋರು ಒಬ್ಬರೇ. ಆರು ತಿಂಗಳಾದ ಮೇಲೆ ಇವರಿಗೆ ಉಳಿಯೋದು ಕೈಯೊಂದೇ.”

“ಅಯ್ಯೋ, ಬರಿಗೈ ಬೆವರು ಉಪ್ಪಿದ್ದ ಹಾಗೆ! ದಿನಾ ಹೀಗೆ ಉಜ್ಜಿದ್ರೆ ನಾಣ್ಯ ಹಾಳಾಗುತ್ತೆ. ಮುಖ ಸವೆದುಹೋಗುತ್ತೆ, ಅಕ್ಷರ ಅಳಿಸಿಹೋಗುತ್ತೆ. ಒಬ್ಬ ಅಂಗಡಿಯವನಾಗಿ ನಾನಿದನ್ನ ಕೊಡಬಾರದು.”

“ಎಷ್ಟು ವರ್ಷಕ್ಕೆ ಹಾಳಾಗುತ್ತೆ?”

ಕೇಳಿದ್ದಕ್ಕೆ ಅಳೆದು ತೂಗಿಯೇ ಉತ್ತರ ಹೇಳುವ ಜಾತಿಯವನು ಅವನು. ಡಬ್ಬದಿಂದ ಒಂದು ನಾಣ್ಯ ಎತ್ತಿ, ಭೂತಗನ್ನಡಿ ಹಿಡಿದು, ಎರಡು ಮೈಯನ್ನೂ ನೋಡಿದ. “ಕಮ್ಮಿ ಅಂದ್ರೂ ಇಪ್ಪತ್ತೈದು.”

ಬಟ್ಟೆಗೆ ಕತ್ತರಿ ಹಾಕುವ ಮೊದಲು ನೋಡುವ ಹಾಗೆ, ಹೆಂಡತಿ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

“ಇವರಿಗೀಗ ಎಪ್ಪತ್ತೊಂದು,” ಎಂದಳು. “ಧಾರಾಳವಾಯ್ತು. ನಾಲ್ಕು ಹಲಗೆ ಕಟ್ಟಿಕೊಡಿ.”