ವೆಲಿಚ್ಕಾಳ ಹಿಂದೆ ಸುರಿದ ನೀರು

ವೆಲಿಚ್ಕಾ ಪರೀಕ್ಷೆಗೆ ಹೊರಡುವಾಗ ಅವಳ ಹಿಂದೆ ಸುರಿಯಬೇಕಾದ ನೀರು ಒಂದು ಲೋಟವೋ ಒಂದು ಬಕೆಟ್ಟೋ ಎಂಬ ಗಹನವಾದ ಪ್ರಶ್ನೆಯನ್ನು ದೊಣ್ಣೆಮೆಣಸಿನ ಚಟ್ನಿ ಕಾರ್ಖಾನೆಯ ಹೆಂಗಸರು ಮೂರು ದಿನ ಚರ್ಚಿಸಿದರು. ಹೊರಟವರ ಹಿಂದೆ ನೀರು ಚೆಲ್ಲಿದರೆ ಹೋದ ಕೆಲಸ ನೀರಿನಂತೆ ಸರಾಗವಾಗಿ ಹರಿಯುತ್ತದೆ ಎಂಬುದರಲ್ಲಿ ಪ್ಲೋವ್ದಿವ್ ಸೀಮೆಯಲ್ಲಿ ಯಾರಿಗೂ ಸಂಶಯವಿಲ್ಲ; ತಕರಾರು ಅಳತೆಯದು.

"ಮೊದಲ್ನೇ ಸಲ ಯಾರೂ ಚೆಲ್ಲಲಿಲ್ಲ, ಡುಮ್ಕಿ ಹೊಡೆದ್ಲು. ಎರಡನೇ ಸಲ ಕಾಫಿ ಲೋಟದಲ್ಲಿ ಚೆಲ್ಲಿದ್ರಿ, ಎರಡೇ ಅಂಕದಲ್ಲಿ ಹೋಯ್ತು. ಇನ್ನು ಲೆಕ್ಕ ನೀವೇ ಹಾಕ್ಕೊಳ್ಳಿ," ಎಂದಳು ಎಲ್ಲರಿಗಿಂತ ಹಿರಿಯಳಾದ ತ್ಸೊಂಕಾ. ಬಕೆಟ್ ಗೆದ್ದಿತು.

ವೆಲಿಚ್ಕಾ ಹತ್ತೊಂಬತ್ತು ವರ್ಷದಿಂದ ಬಾಟಲಿಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡುತ್ತ ನಿಂತೇ ಇದ್ದವಳು. ಸುರಕ್ಷತಾ ಅಧಿಕಾರಿಯ ಪರೀಕ್ಷೆ ಪಾಸಾದರೆ ಕೂತು ಮಾಡುವ ಕೆಲಸ. ಇದು ಮೂರನೆಯ ಮತ್ತು ಕೊನೆಯ ಅವಕಾಶ. ಎಂಟು ತಿಂಗಳಿಂದ ಪುಸ್ತಕವನ್ನು ಯಂತ್ರಕ್ಕೆ ಒರಗಿಸಿಕೊಂಡು ಓದಿದ್ದಳು. ಯಂತ್ರದ ಸದ್ದಿಗೆ ಕೂಗಿ ಓದಬೇಕಾದ್ದರಿಂದ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಬಾಯಿಪಾಠವಾಗಿತ್ತು. "ಏಣಿ ಎಷ್ಟು ಡಿಗ್ರಿಗೆ ಒರಗಿಸ್ಬೇಕೇ?" ಎಂದರೆ, "ಎಪ್ಪತ್ತೈದು!" ಎಂದು ಆರು ಬಾಯಿ ಒಟ್ಟಿಗೆ ಕೂಗುತ್ತಿದ್ದವು. ಮೇಸ್ತ್ರಿ ಗ್ರೊಜ್ದಾನ್ ಮಾತ್ರ, "ಪಾಸಾದ್ರೂ ಎಲ್ಲಮ್ಮಾ ಕೂರ್ತೀಯ? ಇಲ್ಲಿರೋದು ಒಂದೇ ಕುರ್ಚಿ. ಅದರ ಮೇಲೆ ನಾನಿದೀನಿ," ಎಂದು ನಗುತ್ತಿದ್ದ.

ಪ್ಲೋವ್ದಿವ್‌ನಲ್ಲಿ ಪರೀಕ್ಷೆ ಹತ್ತಕ್ಕೆ, ಬಸ್ಸು ಎಂಟಕ್ಕೆ. ಮೇಸ್ತ್ರಿ ಪೂರ್ತಿ ರಜೆ ಕೊಡದ ಕಾರಣ ಎರಡು ಗಂಟೆ ಮುಚ್ಚಳ ನೋಡಿಯೇ ವೆಲಿಚ್ಕಾ ಬಲಗಾಲಿಟ್ಟು ಹೊಸ್ತಿಲು ದಾಟಿದಳು. ತ್ಸೊಂಕಾ, ಶುಭಕ್ಕೆಂದು ಹಾಕಿದ ಜೆರೇನಿಯಂ ಹೂ ತೇಲುತ್ತಿದ್ದ ಬಕೆಟ್ಟನ್ನು ಅವಳ ಹಿಂದೆ ಬೋರಲು ಹಾಕಿದಳು. ತಾವೇನು ಕಡಿಮೆ ಎಂದು ಉಳಿದ ಐವರೂ ಒಂದೊಂದು ಬಕೆಟ್ ತಂದು ಸುರಿದರು. ಬಸ್ಸು ಬಂದು ನಿಂತಿತು. ವೆಲಿಚ್ಕಾ ಹತ್ತು ಹೆಜ್ಜೆ ನಡೆದವಳು ತಿರುಗಿ ನೋಡಿದಳು. ಹೊಸ್ತಿಲಿನ ಮುಂದಿನ ನೆಲವೆಲ್ಲ ಕನ್ನಡಿಯಾಗಿತ್ತು.

"ನೆಲ ಒದ್ದೆಯಾಗಿದೆ," ಎಂದಳು.

"ಆಗ್ಲಿ ಅಂತ್ಲೇ ಅಲ್ವೇನೇ ಸುರಿದಿದ್ದು! ಓಡು, ಬಸ್ಸು!"

"'ಜಾರುತ್ತೆ' ಅಂತ ಬರೆದಿರೋ ಹಳದಿ ಬೋರ್ಡ್ ಎಲ್ಲಿ? ಅಪಾಯ ಕಂಡವರು ಅದನ್ನ ಸರಿಮಾಡ್ದೆ ಜಾಗ ಬಿಡಬಾರ್ದು."

"ಮೂವತ್ತೊಂಬತ್ತನೇ ನಿಯಮ," ಎಂದಿತು ಹಿಂದಿನಿಂದ ಒಂದು ದನಿ.

ಬೋರ್ಡು ಮೇಸ್ತ್ರಿಯ ಬೀರುವಿನಲ್ಲಿ ಭದ್ರವಾಗಿತ್ತು. ವೆಲಿಚ್ಕಾ ನೆಲ ಒರೆಸುವ ಕೋಲು ಹಿಡಿದಳು. ಅದರ ಇನ್ನೊಂದು ತುದಿಯನ್ನು ತ್ಸೊಂಕಾ ಹಿಡಿದಳು. "ನೀರು ಒರೆಸಿದ್ರೆ ಅದೃಷ್ಟಾನೂ ಒರೆಸಿ ಹೋಗುತ್ತೆ ಕಣೇ ಮಂಕೇ, ಬಿಡು!" "ನೀ ಬಿಡಕ್ಕಾ!" ಎಳೆದಾಟಕ್ಕೆ ಇಬ್ಬರಿಗೂ ನಗು ಬಂದು, ನಕ್ಕು ನಕ್ಕು ಇಬ್ಬರ ಕೈಯಲ್ಲೂ ಬಲವಿಲ್ಲದಾಯಿತು. ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟೇಹೋಯಿತು.

ಯಂತ್ರ ನಿಂತದ್ದೇಕೆಂದು ನೋಡಲು ಗ್ರೊಜ್ದಾನ್ ದಡದಡ ಬಂದ. "ಜಾರುತ್ತೆ ಮೇಸ್ತ್ರಿ!" ಎಂದು ಏಳೂ ಜನ ಕೂಗಿದರು.

"ನಂಗೇ ಹೇಳ್ಕೊಡ್ತೀರೇನ್ರೇ," ಎನ್ನುವಷ್ಟರಲ್ಲಿ ಅವನ ಎರಡೂ ಕಾಲು ಆಕಾಶ ನೋಡಿದವು. ಮೇಸ್ತ್ರಿ ಜೆರೇನಿಯಂ ಹೂವಿನ ಮೇಲೆ ಕೂತ.

"ಯಾರೂ ಅಲುಗಾಡಿಸ್ಬೇಡಿ!" ವೆಲಿಚ್ಕಾ ಪಕ್ಕದಲ್ಲಿ ಮಂಡಿಯೂರಿದಳು. "ನಿಮ್ಮ ಹೆಸರು?"

"ನನ್ನ ಹೆಸರು ಗೊತ್ತಿಲ್ವೇನೇ ನಿಂಗೆ, ಹಾಳಾದೋಳೇ!"

"ಪ್ರಜ್ಞೆ ಇದೆ," ಎಂದು ಆರೂ ಜನ ಸಮಾಧಾನಪಟ್ಟರು.

ಮೇಸ್ತ್ರಿಯನ್ನು ಕಾರ್ಖಾನೆಯ ವ್ಯಾನಿನಲ್ಲಿ, ಚಟ್ನಿ ಬಾಟಲಿಗಳ ನಡುವೆ ಬೋರಲು ಮಲಗಿಸಿ, ಪ್ಲೋವ್ದಿವ್‌ನ ಆಸ್ಪತ್ರೆಗೆ ಸಾಗಿಸಲಾಯಿತು. ಜೊತೆಗೆ ಹೋದವಳು ವೆಲಿಚ್ಕಾ. ಅವನು ನರಳಿದಷ್ಟನ್ನೂ ದಾರಿಯುದ್ದಕ್ಕೂ ಕ್ರಮವಾಗಿ ಬರೆದುಕೊಂಡಳು. ಅವನನ್ನು ಒಪ್ಪಿಸಿ ಪರೀಕ್ಷೆಯ ಕೋಣೆ ಸೇರಿದಾಗ ಹತ್ತಕ್ಕೆ ಐದು ನಿಮಿಷ. ಕೊನೆಯ ಪ್ರಶ್ನೆ, ಅತಿ ಹೆಚ್ಚು ಅಂಕದ್ದು, ಹೀಗಿತ್ತು: ನೀವು ಕಣ್ಣಾರೆ ಕಂಡ ಒಂದು ಅಪಘಾತವನ್ನು ಕಾರಣಸಹಿತ ವಿವರಿಸಿ. ಅವಳು ಗಟ್ಟಿಯಾಗಿ ನಕ್ಕದ್ದಕ್ಕೆ ಮೇಲ್ವಿಚಾರಕರು ಎರಡು ಸಲ ಎಚ್ಚರಿಸಿದರು. ಮೂರನೆಯ ಸಲ ಅವಳು ಕೈಯೆತ್ತಿ ಇನ್ನೆರಡು ಹಾಳೆ ಕೇಳಿದಳು.

ಹತ್ತನೆಯ ದಿನ ಫಲಿತಾಂಶ ಬಂತು. ವೆಲಿಚ್ಕಾ ಪಾಸಾಗಿದ್ದಳು. ಗ್ರೊಜ್ದಾನ್ ಆರು ವಾರ ಕೂರುವಂತಿಲ್ಲವೆಂದು ವೈದ್ಯರು ಬರೆದುಕೊಟ್ಟಿದ್ದರು. ಕುರ್ಚಿ ಖಾಲಿಯಿತ್ತು. ಅವಳು ಕೂತಳು.