ಚುಕ್ಕೆ ಚುಕ್ಕೆ ಕಾಂಗರೂ

ಆಸ್ಟ್ರೇಲಿಯಾದ ಪ್ರಾಣಿಗಳ ಬಗೆಗಿನ ಮಕ್ಕಳ ಪುಸ್ತಕಕ್ಕೆ ಕಪ್ಪುಬಿಳುಪು ಚಿತ್ರಗಳು ಬೇಕಿದ್ದವು. ಡ್ರಾಯಿಂಗ್ ಮೇಷ್ಟ್ರಿಗೆ ಎರಡು ವರ್ಷದಿಂದ ಯಾರೂ ಕೆಲಸ ಕೊಟ್ಟಿರಲಿಲ್ಲ. ಇದೂ ಕೈತಪ್ಪಿದರೆ ಇನ್ನೆಂದೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮಾದರಿಯ ಮೂರು ಹಾಳೆಗಳನ್ನು ಪ್ರಕಾಶಕಿಯ ಮೇಜಿನ ಮೇಲಿಟ್ಟು, ಕೈಗಳನ್ನು ತೊಡೆಯ ಮೇಲಿನ ಚೀಲದಡಿ ತೂರಿಸಿ ಕೂತರು.

"ಏನ್ ಮೇಷ್ಟ್ರೇ, ಕಾಂಗರೂಗೆ ಸಿಡುಬು ಬಂದಿದ್ಯಾ? ಮೈತುಂಬಾ ಬರೀ ಚುಕ್ಕೆ!"

"ತುಪ್ಪಳ ಮೆತ್ತಗೆ ಕಾಣ್ಬೇಕು ಅಂದ್ರೆ ಚುಕ್ಕೇನೇ ಸರಿ ಮೇಡಂ."

"ಸರಿ, ಈ ಮುಳ್ಳಿನ ಪ್ರಾಣಿ? ಮುಳ್ಳೂ ಮೆತ್ತಗಿರ್ಬೇಕಾ?"

"ಮಕ್ಕಳ ಪುಸ್ತಕ ಅಲ್ವಾ, ಚುಚ್ಚಬಾರ್ದು."

ಆಕೆ ನಗಲಿಲ್ಲ. "ಪೆನ್ನೆತ್ತದೆ ಒಂದೇ ಗೆರೇಲಿ ಕುದುರೆ ಬಿಡಿಸ್ತಿದ್ದೋರು ನೀವು. ಈ ಎಮು ಹಕ್ಕಿ ಕಾಲಾದ್ರೂ ಗೆರೇಲಿ ಎಳೀರಿ. ಆಗಲ್ಲ ಅಂದ್ರೆ ಬೇರೆಯವ್ರನ್ನ ನೋಡ್ತೀನಿ."

"ಬೇಡ ಮೇಡಂ!" ಮೇಷ್ಟ್ರು ಕೂತಲ್ಲೇ ಮುಂದೆ ಬಾಗಿದರು. "ಹಾಳೆ ಗೋಡೆಗೆ ಒರಗಿಸಿ, ಬಾಗಿಲ ಹತ್ರ ನಿಂತು ನೋಡಿ. ಒಂದೇ ಒಂದ್ಸಲ, ದಮ್ಮಯ್ಯ."

ಗೊಣಗುತ್ತಲೇ ಆಕೆ ಹಾಗೆ ಮಾಡಿದಳು. ದೂರದಿಂದ ಚುಕ್ಕೆಗಳೆಲ್ಲ ಕೂಡಿಕೊಂಡವು. ಎಮು ಇನ್ನೇನು ಹಾಳೆ ಬಿಟ್ಟು ಓಡುವಂತಿತ್ತು.

"ಅಬ್ಬಾ! ಇದೇ ಇರ್ಲಿ ಮೇಷ್ಟ್ರೇ. ಇಪ್ಪತ್ತನಾಲ್ಕು ಪ್ರಾಣೀನೂ ಹೀಗೇ ಮಾಡ್ಕೊಡಿ." ಆಕೆ ಒಪ್ಪಂದದ ಹಾಳೆಯನ್ನೂ ಪೆನ್ನನ್ನೂ ಮುಂದೆ ಸರಿಸಿದಳು. "ಇಲ್ಲೊಂದು ಸಹಿ ಹಾಕ್ಬಿಡಿ."

ಮೇಷ್ಟ್ರು ಚೀಲದಡಿಯಿಂದ ಕೈ ತೆಗೆದು ಪೆನ್ನು ಹಿಡಿದರು. ಅದರ ಮೊನೆ ಹಾಳೆಯ ಮೇಲೆ ಟಕಟಕ ಕುಣಿಯಿತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದರೂ ನಡುಕ ನಿಲ್ಲಲಿಲ್ಲ.

"ಇಂಕ್ ಪ್ಯಾಡ್ ಇದ್ಯಾ ಮೇಡಂ? ಹೆಬ್ಬೆಟ್ಟು ಒತ್ತಿಬಿಡ್ತೀನಿ."